ಇಂದು ರಾಮ, ನಾಳೆ ವಾಲಿ: ದಿನನಿತ್ಯದ ವಾದಕ್ಕೊಂದು ಪಾಠ



ನಮ್ಮಲ್ಲಿ ಹೆಚ್ಚಿನವರು ಬೆಳೆದದ್ದು "ಎದುರುತ್ತರ ಕೊಡಬೇಡ" ಎನ್ನುವ ಮನೆಗಳಲ್ಲಿ. ದೊಡ್ಡವರ ಮಾತಿಗೆ "ಯಾಕೆ?" ಎಂದರೆ ಅಧಿಕಪ್ರಸಂಗಿ. "ಹಾಗಲ್ಲ" ಎಂದರೆ ತಲೆಹರಟೆ. ಇನ್ನೂ ಒಂದು ಮಾತು ಮುಂದುವರಿದರೆ ಬೆನ್ನಿಗೆ ಗುದ್ದು! ಈಗ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮಕ್ಕಳು ಹೈಸ್ಕೂಲಿನ ಡಿಬೇಟ್ ಕ್ಲಬ್ ಸೇರಿ ಅದೇ ಕೆಲಸ ಮಾಡಿ ಟ್ರೋಫಿ ಹೊತ್ತು ತರುತ್ತಾರೆ. ನಮಗೆ ಗುದ್ದು ತಂದ ವಿದ್ಯೆ ಅವರಿಗೆ ಬಹುಮಾನ ತರುತ್ತಿದೆ.

ತಮಾಷೆ ಹಾಗಿರಲಿ. ಹೀಗೆ ಬೆಳೆದ ನಮಗೆ ಸಾಮಾನ್ಯವಾಗಿ ಎರಡೇ ದಾರಿ ಗೊತ್ತು. ಒಂದು, ಬಾಯಿ ಮುಚ್ಚಿಕೊಂಡಿರುವುದು. ಇನ್ನೊಂದು, ಜಗಳ. ಆಫೀಸಿನ ಮೀಟಿಂಗಿನಲ್ಲಿ ಮೊದಲನೆಯದು, ಮನೆಯಲ್ಲಿ ಎರಡನೆಯದು! ಮೀಟಿಂಗಿನಲ್ಲಿ ಸುಮ್ಮನಿದ್ದರೆ ಇಲ್ಲಿಯವರು ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ. ಮನೆಯಲ್ಲಿ ಕೂಗಾಡಿದರೆ ಮಕ್ಕಳು ರೂಮಿನ ಬಾಗಿಲು ಹಾಕಿಕೊಳ್ಳುತ್ತಾರೆ. "ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ನಮ್ಮ ಗಾದೆ ಹೇಳುವ ಮೂರನೆಯ ದಾರಿ ಒಂದಿದೆ. ಅದರ ಹೆಸರು ವಾದ. ಅದನ್ನು ಕಲಿಯುವುದಕ್ಕೆ ಬೇಕಾದ ಸಾಮಗ್ರಿ ನಮ್ಮ ಹಿರಿಯರ ಶಾಸ್ತ್ರದಲ್ಲೂ, ನಮ್ಮ ಕರಾವಳಿಯ ಕಲೆಯಲ್ಲೂ ಧಾರಾಳವಾಗಿದೆ. ಬನ್ನಿ, ಒಂದೊಂದಾಗಿ ನೋಡೋಣ.

1. ಇದು ಯಾವ ಬಗೆಯ ಮಾತು?

ಗೌತಮನ ನ್ಯಾಯಸೂತ್ರಗಳಲ್ಲಿ ಇಬ್ಬರ ನಡುವಿನ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಸತ್ಯ ಏನೆಂದು ತಿಳಿಯಲು ಇಬ್ಬರೂ ಸೇರಿ ಮಾಡುವುದು ವಾದ. ಗೆಲ್ಲಲೇಬೇಕೆಂದು ಮಾಡುವುದು ಜಲ್ಪ. ಇಲ್ಲಿ ಮಾತಿನ ಮೋಸಕ್ಕೂ ಜಾಗ ಉಂಟು. ತನ್ನದೆಂದು ಯಾವ ಪಕ್ಷವನ್ನೂ ಸ್ಥಾಪಿಸದೆ ಎದುರಿನವನು ಹೇಳಿದ್ದನ್ನೆಲ್ಲ ಕೆಡವುತ್ತ ಹೋಗುವುದು ವಿತಂಡ. ಈ ಕೊನೆಯದನ್ನು ನಾವೆಲ್ಲ ಬಲ್ಲೆವು. ಯುಗಾದಿ ಊಟದ ಬಗ್ಗೆ ನಡೆಯುವ ಯಾವುದಾದರೂ ಸಭೆಯನ್ನು ನೆನಪಿಸಿಕೊಳ್ಳಿ. "ಪಾಟ್‌ಲಕ್ ಮಾಡೋಣವೇ?" "ಬೇಡ, ಎಲ್ಲರೂ ಚಿತ್ರಾನ್ನವನ್ನೇ ತರುತ್ತಾರೆ." "ಕೇಟರಿಂಗ್ ಹೇಳೋಣವೇ?" "ದುಬಾರಿ." "ಹಾಗಾದರೆ ನಾವೇ ಅಡುಗೆ ಮಾಡೋಣವೇ?" "ಪಾತ್ರೆ ತೊಳೆಯುವವರು ಯಾರು?" "ಸರಿ ಸ್ವಾಮಿ, ನೀವೇ ಹೇಳಿ." "ಅದನ್ನು ಕಮಿಟಿಯವರು ನೋಡಿಕೊಳ್ಳಬೇಕಪ್ಪ!" ಇದು ಶುದ್ಧ ವಿತಂಡ.

ಹಾಗೆಂದು ಜಲ್ಪ, ವಿತಂಡಗಳು ಪೂರ್ತಿ ನಿಷಿದ್ಧವಲ್ಲ. ಮೊಳಕೆಗೆ ಮುಳ್ಳಿನ ಬೇಲಿ ಹೇಗೋ ಹಾಗೆ ಇವು ಸತ್ಯದ ರಕ್ಷಣೆಗೆ ಎಂದು ಅದೇ ಸೂತ್ರಗಳು ಹೇಳುತ್ತವೆ. ಮೋಸದ ವ್ಯಾಪಾರಿಯ ಎದುರು, ಕೋರ್ಟಿನಲ್ಲಿ, ಬೇಲಿ ಬೇಕಾಗುತ್ತದೆ. ಆದರೆ ಬೇಲಿ ಹಾಕುವುದು ಹಿತ್ತಿಲಿನ ಅಂಚಿಗೆ. ಊಟದ ಮನೆಯ ಮಧ್ಯಕ್ಕಲ್ಲ. ಗಂಡ ಹೆಂಡತಿಯ ನಡುವೆ, ಅಣ್ಣ ತಮ್ಮಂದಿರ ನಡುವೆ ಜಲ್ಪದಲ್ಲಿ ಗೆದ್ದವರು ಕಳೆದುಕೊಳ್ಳುವುದೇ ಹೆಚ್ಚು.

ನೀವು ಯಾವುದರಲ್ಲಿ ಇದ್ದೀರಿ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. "ಇವರು ಹೇಳುವುದೇ ಸರಿ ಎಂದು ತೋರಿಬಂದರೆ ನಾನು ಒಪ್ಪುತ್ತೇನೆಯೇ?" ಎಂದು ಮನಸ್ಸಿನಲ್ಲೇ ಕೇಳಿಕೊಳ್ಳಿ. ಉತ್ತರ "ಇಲ್ಲ" ಎಂದು ಬಂದರೆ ನೀವು ಜಲ್ಪಕ್ಕೆ ಇಳಿದಿದ್ದೀರಿ.

ವೈದ್ಯಗ್ರಂಥವಾದ ಚರಕಸಂಹಿತೆಯ ವಿಮಾನಸ್ಥಾನದಲ್ಲೂ ವೈದ್ಯರು ಪರಸ್ಪರ ಹೇಗೆ ಚರ್ಚಿಸಬೇಕೆಂಬ ಪಾಠವಿದೆ. ಸ್ನೇಹದ ಚರ್ಚೆ ಒಂದು, ಹೋರಾಟದ ಚರ್ಚೆ ಇನ್ನೊಂದು. ಹೋರಾಟದ ಚರ್ಚೆಗೆ ಇಳಿಯುವ ಮೊದಲು ಎದುರಾಳಿಯನ್ನೂ ಸಭೆಯನ್ನೂ ಅಳೆಯಬೇಕು. ನಿಮ್ಮ ವಿರುದ್ಧ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡ ಸಭೆಯಲ್ಲಿ ಇಳಿಯಲೇಬಾರದು ಎನ್ನುತ್ತದೆ ಆ ಗ್ರಂಥ. ನೆಂಟರು ತುಂಬಿದ ಮದುವೆಮನೆಯಲ್ಲಿ ರಾಜಕೀಯ ಎತ್ತುವವರು ಇದನ್ನು ಬರೆದಿಟ್ಟುಕೊಳ್ಳಬಹುದು!

2. ಐದು ಮೆಟ್ಟಿಲು

ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಹಾಗಾಗಿ ಅಲ್ಲಿ ಬೆಂಕಿ ಇದೆ. ತರ್ಕಶಾಸ್ತ್ರ ಓದಿದವರೆಲ್ಲ ಕಲಿಯುವ ಮೊದಲ ಉದಾಹರಣೆ ಇದು. ಇದನ್ನು ಎದುರಿನವರಿಗೆ ಮನಗಾಣಿಸಲು ಐದು ಮೆಟ್ಟಿಲು ಹೇಳಿದ್ದಾರೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಹೆಸರು ಕೇಳಿ ಹೆದರಬೇಡಿ. ನಮ್ಮಲ್ಲಿ ಅನೇಕರು ಎದುರಿಸುವ ಒಂದು ಸಂಗತಿಗೆ ಹಚ್ಚಿ ನೋಡೋಣ. ಬಾಡಿಗೆ ಮನೆ ಖಾಲಿ ಮಾಡಿದ್ದೀರಿ. ಕಾರ್ಪೆಟ್ ಮೇಲಿನ ಕಲೆಗೆಂದು ಮಾಲೀಕರು ಡೆಪಾಸಿಟ್ಟಿನಲ್ಲಿ 400 ಡಾಲರ್ ಹಿಡಿದಿದ್ದಾರೆ.

ಪ್ರತಿಜ್ಞೆ, ಅಂದರೆ ನಿಮ್ಮ ಮಾತು: ಆ 400 ಡಾಲರ್ ನಮಗೆ ವಾಪಸ್ ಬರಬೇಕು.

ಹೇತು, ಅಂದರೆ ಕಾರಣ: ಏಕೆಂದರೆ ಆ ಕಲೆ ನಾವು ಬರುವ ಮೊದಲೇ ಇತ್ತು.

ಉದಾಹರಣೆ, ಅಂದರೆ ಇಬ್ಬರೂ ಒಪ್ಪಲೇಬೇಕಾದ ನಿಯಮ: ಬಾಡಿಗೆಗೆ ಬರುವ ಮೊದಲೇ ಇದ್ದ ಹಾನಿಗೂ, ಸಹಜ ಸವೆತಕ್ಕೂ ಡೆಪಾಸಿಟ್ ಹಿಡಿಯುವಂತಿಲ್ಲ ಎಂದು ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್ 1950.5 ಹೇಳುತ್ತದೆ.

ಉಪನಯ, ಅಂದರೆ ಆ ನಿಯಮ ಇಲ್ಲಿಗೆ ಹೇಗೆ ಹೊಂದುತ್ತದೆ ಎಂಬುದು: ಮನೆ ಸೇರಿದ ದಿನ ಇಬ್ಬರೂ ಸಹಿ ಹಾಕಿದ ಪಟ್ಟಿಯಲ್ಲಿ "ಹಾಲ್ ಕಾರ್ಪೆಟ್, ಕಿಟಕಿಯ ಬಳಿ ಕಲೆ" ಎಂದು ಬರೆದಿದೆ. ಅಂದಿನ ಫೋಟೋ ಇಲ್ಲಿದೆ.

ನಿಗಮನ, ಅಂದರೆ ಮುಕ್ತಾಯ: ಆದ್ದರಿಂದ ದಯವಿಟ್ಟು ಇಂಥ ತಾರೀಖಿನೊಳಗೆ ಹಣ ವಾಪಸ್ ಮಾಡಿ.

ಸಿಟ್ಟು ಬಂದಾಗ ನಾವು ಮಾಡುವುದೇನು? ಮೊದಲ ಮೆಟ್ಟಿಲಿನಿಂದ ನೇರ ಐದನೆಯದಕ್ಕೆ ಹಾರುತ್ತೇವೆ. "ಇದು ಅನ್ಯಾಯ, ದುಡ್ಡು ಕೊಡಿ!" ಕಾಲು ಉಳುಕದೆ ಇದ್ದೀತೇ? ಮೂರನೆಯ ಮತ್ತು ನಾಲ್ಕನೆಯ ಮೆಟ್ಟಿಲುಗಳೇ ಎದುರಿನವರನ್ನು ಕಟ್ಟಿಹಾಕುವುದು. ಮಾಲೀಕರು ಖಾಲಿ ಮಾಡಿದ 21 ದಿನಗಳೊಳಗೆ ಡೆಪಾಸಿಟ್ಟನ್ನಾಗಲಿ, ಹಿಡಿದ ಹಣದ ವಿವರವನ್ನಾಗಲಿ ಕೊಡಬೇಕೆಂಬ ನಿಯಮವೂ ಇದೆ. ಅದೂ ಕೆಲಸಕ್ಕೆ ಬರುತ್ತದೆ.

ಮಾತಿನಲ್ಲಿ ಮುಗಿಯದಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. 2024ರ ಜನವರಿಯಿಂದ ಇಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗಿನ ವ್ಯಾಜ್ಯ ಹೂಡಬಹುದು. ವಿಶೇಷವೆಂದರೆ ಅಲ್ಲಿ ಸಾಮಾನ್ಯವಾಗಿ ವಕೀಲರು ನಿಮ್ಮ ಪರವಾಗಿ ನಿಂತು ಮಾತಾಡುವಂತಿಲ್ಲ. ನಿಮ್ಮ ವಾದ ನೀವೇ ಮಾಡಬೇಕು. ಐದು ಮೆಟ್ಟಿಲನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಅರ್ಧ ಕೆಲಸ ಆದಂತೆ.

3. ಹುಸಿ ಕಾರಣಗಳು

ಕಾರಣದಂತೆ ಕಂಡರೂ ಕಾರಣವಲ್ಲದ್ದನ್ನು ಹೇತ್ವಾಭಾಸ ಎನ್ನುತ್ತಾರೆ. ನ್ಯಾಯಸೂತ್ರದಲ್ಲಿ ಐದು ಬಗೆ ಇವೆ. ಮನೆಗಳಲ್ಲಿ ದಿನವೂ ಕೇಳಿಬರುವ ಮೂರನ್ನು ಮಾತ್ರ ಇಲ್ಲಿ ನೋಡೋಣ.

ಎರಡು ಕಡೆಗೂ ವಾಲುವ ಕಾರಣ: "ಪಕ್ಕದ ಮನೆಯ ಹುಡುಗ ಪಿಯಾನೋ ಕಲಿತ, ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿತು." ಪಿಯಾನೋ ಕಲಿತು ಸೀಟು ಸಿಗದವರಿಲ್ಲವೇ? ಕಲಿಯದೆ ಸಿಕ್ಕವರಿಲ್ಲವೇ?

ಉಲ್ಟಾ ಹೊಡೆಯುವ ಕಾರಣ: "ನಮ್ಮ ಮಗಳನ್ನು ಕನ್ನಡ ಕ್ಲಾಸಿಗೆ ಕಳಿಸೋದಿಲ್ಲ, ಅವಳಿಗೆ ಕನ್ನಡ ಬರೋದಿಲ್ಲವಲ್ಲ." ಬರದಿದ್ದರೆ ಅದು ಕಳಿಸುವುದಕ್ಕೆ ಕಾರಣ!

ತನಗೇ ಆಧಾರ ಬೇಕಾದ ಕಾರಣ: "ಯಾಕೆ ಹೀಗೆ ಮಾಡಬೇಕು?" "ನಮ್ಮಲ್ಲಿ ಹೀಗೇ ಮಾಡೋದು." ಪ್ರಶ್ನೆಯೇ ಅದು. ಅದನ್ನೇ ಉತ್ತರವಾಗಿ ಕೊಟ್ಟರೆ ಮಕ್ಕಳು ತಲೆ ಅಲ್ಲಾಡಿಸುತ್ತಾರೆ, ನಂಬುವುದಿಲ್ಲ.

ಇವುಗಳ ಜೊತೆಗೆ ಛಲ ಎಂಬುದೊಂದಿದೆ. ಇಲ್ಲಿ ಛಲ ಎಂದರೆ ಹಟವಲ್ಲ, ಮಾತಿನ ಮೋಸ. ಶಾಸ್ತ್ರದ ಪ್ರಸಿದ್ಧ ಉದಾಹರಣೆ ಹೀಗಿದೆ. ಹೊಸ ಕಂಬಳಿ ಎಂಬ ಅರ್ಥದಲ್ಲಿ ಒಬ್ಬ "ಇವನ ಬಳಿ ನವ ಕಂಬಳಿ ಇದೆ" ಎನ್ನುತ್ತಾನೆ. "ಎಲ್ಲಿ, ಒಂಬತ್ತು ಕಂಬಳಿ ಕಾಣುತ್ತಿಲ್ಲವಲ್ಲ?" ಎಂದು ಇನ್ನೊಬ್ಬ ಕುಟುಕುತ್ತಾನೆ. ನಮ್ಮ ಮನೆಗಳ ಆವೃತ್ತಿ ಕೇಳಿ. "ನೀವು ಯಾವಾಗಲೂ ಫೋನ್ ನೋಡ್ತಾನೇ ಇರ್ತೀರ." "ಯಾವಾಗಲೂನಾ? ನಿದ್ದೆ ಮಾಡುವಾಗಲೂ ನೋಡ್ತೀನಾ?" ಇಲ್ಲಿ ಗೆದ್ದದ್ದು ಗಂಡನಿರಬಹುದು. ಆದರೆ ಆಕೆ ಹೇಳಬಂದ ವಿಷಯ, ಅಂದರೆ ಊಟದ ಹೊತ್ತಿನಲ್ಲಿ ತನ್ನ ಜೊತೆ ಮಾತಾಡುವವರಿಲ್ಲ ಎಂಬುದು, ಅಲ್ಲೇ ಉಳಿಯಿತು. ನಾಳೆ ಅದು ಇನ್ನೊಂದು ರೂಪದಲ್ಲಿ ಎದ್ದುಬರುತ್ತದೆ. ಹೇಳುವವರಿಗೂ ಒಂದು ಮಾತು: "ಯಾವಾಗಲೂ", "ಯಾವತ್ತೂ ಇಲ್ಲ" ಎಂಬ ಪದಗಳನ್ನು ಬಿಟ್ಟು "ನಿನ್ನೆ ಊಟ ಮಾಡುವಾಗ" ಎಂದು ಶುರು ಮಾಡಿದರೆ ಛಲಕ್ಕೆ ದಾರಿಯೇ ಇರುವುದಿಲ್ಲ.

4. ಮೊದಲು ಅವರ ಮಾತು, ಆಮೇಲೆ ನಿಮ್ಮದು

ಈ ಪಾಠದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ತಮ್ಮ ಸಿದ್ಧಾಂತ ಹೇಳುವ ಮೊದಲು ಎದುರಾಳಿಯ ಮತವನ್ನು ಪೂರ್ವಪಕ್ಷ ಎಂದು ಇಡುವ ಕ್ರಮವಿದೆ. ಒಳ್ಳೆಯ ಪೂರ್ವಪಕ್ಷ ಯಾವುದು? ಎದುರಾಳಿಯೇ ಓದಿ "ಹೌದು, ನಾನು ಹೇಳುವುದು ಇದನ್ನೇ" ಎನ್ನಬೇಕು. ಸೋಲಿಸಲು ಅನುಕೂಲವಾಗಲೆಂದು ಅವನ ಮಾತನ್ನು ಸೊರಗಿಸಿ ಇಟ್ಟರೆ, ನೀವು ಸೋಲಿಸಿದ್ದು ಬೆದರುಬೊಂಬೆಯನ್ನು.

ಇದನ್ನು ಕಲೆಯಾಗಿ ಬೆಳೆಸಿದವರು ನಮ್ಮ ಕರಾವಳಿ ಮತ್ತು ಮಲೆನಾಡಿನ ಜನ. ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುವ ಮಳೆಗಾಲದಲ್ಲಿ ತಾಳಮದ್ದಳೆ ಕೂಟಗಳು ಜೋರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರು ಕುಳಿತು ಆ ಪಾತ್ರವಾಗಿ ಆ ಕ್ಷಣದಲ್ಲೇ ಮಾತು ಕಟ್ಟುತ್ತಾರೆ. ವಾಲಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಗುಲಿ ಬಿದ್ದ ವಾಲಿ ಕೇಳುತ್ತಾನೆ: ನನಗೂ ನಿನಗೂ ಹಗೆ ಇರಲಿಲ್ಲ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ರಾಮ ಉತ್ತರ ಕೊಡಬೇಕು: ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ಯಾವ ಧರ್ಮ? ವಾಲಿ ಸಾಯುತ್ತಾನೆ ಎಂಬುದು ಸಭೆಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತು. ಆದರೂ ಗಂಟೆಗಟ್ಟಲೆ ಕೇಳುತ್ತಾರೆ. ಏಕೆಂದರೆ ವಾಲಿಯ ಮಾತಿನಲ್ಲಿ ಸತ್ತ್ವ ಇಲ್ಲದಿದ್ದರೆ ರಾಮನ ಉತ್ತರಕ್ಕೂ ಬೆಲೆ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ದೊಡ್ಡ ಅರ್ಥಧಾರಿಗಳು ವಾಲಿ, ರಾವಣರಂಥ ಪಾತ್ರಗಳಿಗೂ ತೂಕದ ನ್ಯಾಯ ಒದಗಿಸಿ ಮಾತಾಡುತ್ತಿದ್ದರು. ಒಂದು ಕೂಟದಲ್ಲಿ ರಾಮನಾದವರು ಇನ್ನೊಂದರಲ್ಲಿ ವಾಲಿ ಆಗುವುದುಂಟು. ಇಂದು ಕೇಳಿದ ಪ್ರಶ್ನೆಗೆ ನಾಳೆ ತಾವೇ ಉತ್ತರ ಹುಡುಕಬೇಕು!

ಇಲ್ಲಿನ ಶಾಲೆಗಳಲ್ಲಿ ನಮ್ಮ ಮಕ್ಕಳು ಕಲಿಯುವುದೂ ಇದನ್ನೇ. ಪಬ್ಲಿಕ್ ಫೋರಂ ಎಂಬ ಡಿಬೇಟ್ ಪದ್ಧತಿಯಲ್ಲಿ ನಾಣ್ಯ ಚಿಮ್ಮಿದ ಮೇಲೆಯೇ ಯಾರು ಪರ, ಯಾರು ವಿರೋಧ ಎಂಬುದು ತೀರ್ಮಾನ. ಹಾಗಾಗಿ ಎರಡೂ ಕಡೆಗೆ ತಯಾರಾಗಿಯೇ ಹೋಗಬೇಕು.

ದಿನನಿತ್ಯಕ್ಕೆ ಇದನ್ನು ತರುವುದು ಹೇಗೆ? ಅಮ್ಮ ಶಿವಮೊಗ್ಗದಲ್ಲಿ, ಅಣ್ಣ ಅತ್ತಿಗೆಯ ಜೊತೆ. ತಮ್ಮ ಇಲ್ಲಿ. ನಮ್ಮಲ್ಲಿ ಎಷ್ಟೋ ಮನೆಗಳ ಚಿತ್ರ ಇದು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿದೆ ಎಂದಿಟ್ಟುಕೊಳ್ಳಿ. ಫೋನಿನಲ್ಲಿ ಮಾತು ಹೀಗೆ ಸಾಗುತ್ತದೆ.

"ಅಣ್ಣ, ಹೋಮ್ ನರ್ಸ್ ಇಡೋಣ. ದುಡ್ಡು ನಾನು ಕಳಿಸ್ತೀನಿ."
"ದುಡ್ಡು ನಾವೂ ದುಡೀತೀವಪ್ಪ. ಅಮ್ಮನ್ನ ನೋಡ್ಕೊಳ್ಳೋದು ನಮಗೆ ಗೊತ್ತು."
"ನಾನು ಹಾಗಂದ್ನಾ?"
"ಮತ್ತೆ ಇನ್ನೇನಂದೆ?"

ಫೋನ್ ಕಟ್. ಇಲ್ಲಿಗೂ ಊರಿಗೂ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಒಬ್ಬರು ದಿನವಿಡೀ ದುಡಿದು ಸುಸ್ತಾಗಿರುವಾಗ ಇನ್ನೊಬ್ಬರಿಗೆ ಬೆಳಗಿನ ಗಡಿಬಿಡಿ. ಇಂಥ ಹೊತ್ತಿನಲ್ಲಿ ಆಡಿದ ನಾಲ್ಕು ಮಾತಿಗೆ ಆರು ತಿಂಗಳು ಮಾತು ಬಿಟ್ಟವರಿದ್ದಾರೆ. ಈಗ ಅದೇ ತಮ್ಮ ಪೂರ್ವಪಕ್ಷದಿಂದ ಶುರು ಮಾಡಲಿ.

"ಅಣ್ಣ, ನಿನ್ನ ಮಾತು ನಂಗೆ ಸರಿಯಾಗಿ ಅರ್ಥ ಆಗಿದೆಯಾ ನೋಡು. ಹೊರಗಿನವರ ಕೈಲಿ ಸ್ನಾನ ಮಾಡಿಸ್ಕೊಳ್ಳೋದು ಅಮ್ಮನಿಗೆ ಇಷ್ಟ ಇಲ್ಲ. ನರ್ಸ್ ಇಟ್ರೆ ಬಂದುಹೋದವರೆಲ್ಲ ‘ಮಗ ಸೊಸೆ ಇದ್ದೂ ಹೀಗೆ’ ಅಂತ ಆಡ್ಕೋತಾರೆ. ಇವನು ದುಡ್ಡು ಕಳಿಸಿ ಕೈ ತೊಳ್ಕೋತಾನೆ ಅಂತಾನೂ ನಿಂಗೆ ಅನ್ಸಿದೆ. ಹೌದಾ?"
"ಕೊನೇದು ನಾನು ಹೇಳಿರ್ಲಿಲ್ಲ... ಆದ್ರೆ ಹೌದು."
"ಸರಿ. ಇನ್ನೇನಾದ್ರೂ ಬಿಟ್ಟಿದೀನಾ?"
"ರಾತ್ರಿ ಎರಡು ಮೂರು ಸಲ ಏಳ್ಬೇಕು ಕಣೋ. ನಿಮ್ಮತ್ತಿಗೆಗೂ ಬೆನ್ನು ನೋವು."

ಗಮನಿಸಿದಿರಾ? ಮೊದಲ ಸಲ ನರ್ಸ್ ಬೇಡ ಎಂದಿದ್ದ ಅಣ್ಣ ಈಗ ಕಷ್ಟ ಎಲ್ಲಿದೆ ಎಂದು ತಾನಾಗಿಯೇ ಹೇಳಿದ. ಹಗಲಿಗೆ ಬೇಡ, ರಾತ್ರಿಗೆ ಒಬ್ಬರು ಹೆಂಗಸು ಸಿಗುತ್ತಾರೆಯೇ ಎಂದು ಇಬ್ಬರೂ ಸೇರಿ ಯೋಚಿಸಬಹುದು. ತಮ್ಮ ಎಷ್ಟು ದಿನ ರಜೆ ಹಾಕಿ ಬರುತ್ತಾನೆ ಎಂಬ ಪ್ರಶ್ನೆಯನ್ನೂ ಅಣ್ಣ ಕೇಳಬಹುದು. ಅದಕ್ಕೂ ತಮ್ಮ ಉತ್ತರ ಕೊಡಬೇಕಾಗುತ್ತದೆ. ವಾದಕ್ಕೆ ಇಳಿದವರು ತಾವೂ ಬದಲಾಗಲು ಸಿದ್ಧರಿರಬೇಕು. "ಇನ್ನೇನಾದ್ರೂ ಬಿಟ್ಟಿದೀನಾ?" ಎಂಬ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ. ಬೀಗ ತೆರೆಯುವುದು ಅದೇ.

ಆಫೀಸಿನಲ್ಲೂ ಇದೇ ಉಪಾಯ ನಡೆಯುತ್ತದೆ. ಮ್ಯಾನೇಜರ್ ಹೇಳಿದ ದಿನಾಂಕಕ್ಕೆ ಕೆಲಸ ಮುಗಿಯದು ಎಂದು ನಿಮಗೆ ಗೊತ್ತಿದ್ದರೆ, ಮೊದಲು ಆ ದಿನಾಂಕ ಅವರಿಗೇಕೆ ಮುಖ್ಯ ಎಂಬುದನ್ನು ಅವರ ಎದುರೇ ಹೇಳಿ, ಹೌದೆನಿಸಿಕೊಳ್ಳಿ. ಆಮೇಲೆ ನಿಮ್ಮ ಐದು ಮೆಟ್ಟಿಲು ಹತ್ತಿ.

5. ಮಾಲೆ ಬಾಡುವ ಮೊದಲು

ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ನಡೆದ ವಾದದ ಕಥೆ ಶೃಂಗೇರಿಯ ಕಡೆಯವರಿಗೆಲ್ಲ ಗೊತ್ತಿರುವುದೇ. ಮಧ್ಯಸ್ಥರಾದವರು ಮಂಡನಮಿಶ್ರರ ಪತ್ನಿ ಉಭಯಭಾರತಿ. ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರ ಮಾಲೆ ಬಾಡುತ್ತದೋ ಅವರು ಸೋತಂತೆ ಎಂದರಂತೆ. ಸಿಟ್ಟು ಬಂದರೆ ಮೈ ಬಿಸಿಯಾಗಿ ಹೂ ಬಾಡುತ್ತದೆ ಎಂದು ಹಿರಿಯರು ಇದಕ್ಕೆ ಅರ್ಥ ಹೇಳುತ್ತಾರೆ. ಕಥೆಯನ್ನು ಕಥೆಯಾಗಿಯೇ ತೆಗೆದುಕೊಂಡರೂ ಅದರ ನೀತಿ ಗಟ್ಟಿ. ದನಿ ಏರಿತು ಎಂದು ಗೊತ್ತಾದ ಕೂಡಲೇ "ಇದನ್ನು ನಾಳೆ ಇದೇ ಹೊತ್ತಿಗೆ ಮಾತಾಡೋಣ" ಎಂದು ಹೊತ್ತು ಗೊತ್ತು ಮಾಡಿ ಎದ್ದುಬಿಡಿ. ಹೊತ್ತು ಹೇಳದೆ ಎದ್ದರೆ ಅದು ಮುನಿಸು ಎನಿಸುತ್ತದೆ.

6. ಮಕ್ಕಳು ಕನ್ನಡದಲ್ಲಿ ವಾದಿಸಲಿ

ಕೊನೆಯದಾಗಿ ಮೊದಲಿನ ಪ್ರಶ್ನೆಗೆ ಬರೋಣ. ಮಕ್ಕಳು ಎದುರುತ್ತರ ಕೊಟ್ಟರೆ ಏನು ಮಾಡಬೇಕು?

ನಮ್ಮ ಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳುವ ಕನ್ನಡ ಯಾವುದು ಎಂದು ಒಂದು ದಿನ ಲೆಕ್ಕ ಹಾಕಿ ನೋಡಿ. "ಏಳು, ಹಲ್ಲುಜ್ಜು, ಊಟ ಮಾಡು, ಶೂ ಹಾಕ್ಕೋ, ಟೀವಿ ಆರಿಸು, ಮಲಗು." ಎಲ್ಲವೂ ಅಪ್ಪಣೆ! ಇಂಥ ಕನ್ನಡ ಕೇಳಿ ಬೆಳೆದ ಮಗುವಿಗೆ "ಏಕೆಂದರೆ", "ಹಾಗಿದ್ದರೆ", "ಒಂದು ವೇಳೆ", "ಅದು ನಿಜ, ಆದರೂ" ಎಂಬ ಮಾತುಗಳು ಬರುವುದೇ ಇಲ್ಲ. ಹಾಗಾಗಿ ಹದಿಮೂರು ದಾಟಿದ ಮೇಲೆ ತನಗೆ ನಿಜಕ್ಕೂ ಮುಖ್ಯವಾದದ್ದನ್ನು ಹೇಳಬೇಕಾದಾಗ "ದಿಸ್ ಈಸ್ ನಾಟ್ ಫೇರ್" ಎಂದು ಇಂಗ್ಲಿಷಿಗೆ ಜಿಗಿಯುತ್ತದೆ. ನಾವು "ಕನ್ನಡದಲ್ಲಿ ಮಾತಾಡು" ಎಂದು ಗದರುತ್ತೇವೆ. ಅದೂ ಇನ್ನೊಂದು ಅಪ್ಪಣೆ. ಬರೀ ಅಪ್ಪಣೆ ಕೇಳುವ ಭಾಷೆಯನ್ನು ಮಕ್ಕಳು ಕಾಲೇಜಿಗೆ ಹೋಗುವಾಗ ಮನೆಯಲ್ಲೇ ಬಿಟ್ಟುಹೋಗುತ್ತಾರೆ. "ಇಲ್ಲ" ಎನ್ನಲು, ಕಾರಣ ಕೊಡಲು, ಅಪ್ಪ ಅಮ್ಮನ ಮನಸ್ಸು ಬದಲಾಯಿಸಲು ಬಂದ ಭಾಷೆಯನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಆದ್ದರಿಂದ ಮನೆಯಲ್ಲಿ ಒಂದು ನಿಯಮ ಮಾಡಿ ನೋಡಿ. ಮಕ್ಕಳು ಏನನ್ನು ಬೇಕಾದರೂ ಪ್ರಶ್ನಿಸಬಹುದು. ಆದರೆ ಮೊದಲು ಅಮ್ಮ ಅಥವಾ ಅಪ್ಪ ಹೇಳಿದ್ದನ್ನು ಕನ್ನಡದಲ್ಲಿ ಹೇಳಿ, ಆಮೇಲೆ ತಮ್ಮ ಕಾರಣ ಹೇಳಬೇಕು. ದೊಡ್ಡವರಿಗೂ ಇದೇ ನಿಯಮ. ಕನ್ನಡ ತಡವರಿಸಿದರೆ ಪದ ಒದಗಿಸಿ, ನಗಬೇಡಿ. ಮಗುವಿನ ಕಾರಣ ಸರಿ ಎನಿಸಿದರೆ ಸೋಲನ್ನು ಬಾಯ್ಬಿಟ್ಟು ಒಪ್ಪಿಕೊಳ್ಳಿ. ಒಂದು ಸಲವೂ ಗೆಲ್ಲಲಾಗದ ಆಟವನ್ನು ಯಾರು ತಾನೇ ಆಡುತ್ತಾರೆ?

ಅಭ್ಯಾಸ

ಅ. ಈ ವಾರ ನಿಮ್ಮ ಮನೆಯಲ್ಲಿ ನಡೆದ ಒಂದು ಜಗಳವನ್ನು ಆರಿಸಿಕೊಂಡು ಅದು ವಾದವೋ ಜಲ್ಪವೋ ವಿತಂಡವೋ ಎಂದು ಗುರುತಿಸಿ. (ಬೇರೆಯವರ ಪಾಲನ್ನಲ್ಲ, ನಿಮ್ಮ ಪಾಲನ್ನು!)

ಆ. ನಿಮಗೆ ಬರಬೇಕಾದ ಯಾವುದಾದರೂ ಹಣ ಅಥವಾ ರಜೆಗಾಗಿ ಐದು ಮೆಟ್ಟಿಲಿನ ಪತ್ರವನ್ನು ಐದೇ ವಾಕ್ಯಗಳಲ್ಲಿ ಬರೆಯಿರಿ.

ಇ. ಊಟದ ಮೇಜಿನಲ್ಲಿ ನಾಣ್ಯ ಚಿಮ್ಮಿ. ವಿಷಯ: "ಭಾನುವಾರ ಕನ್ನಡ ಕ್ಲಾಸ್ ಇರಬೇಕೇ ಬೇಡವೇ?" ಮಕ್ಕಳು ಬೇಕೆಂದೂ ನೀವು ಬೇಡವೆಂದೂ ತಲಾ ಮೂರು ನಿಮಿಷ ಮಾತಾಡಬೇಕಾಗಿ ಬಂದರೂ ಹಿಂಜರಿಯಬೇಡಿ. ಆಮೇಲೆ ಪಕ್ಷ ಬದಲಿಸಿ.

ಮುಂದಿನ ಭಾನುವಾರ ನಿಮ್ಮ ಮಗ "ಕ್ಲಾಸಿಗೆ ಯಾಕೆ ಹೋಗಬೇಕು ಅಂತ ನೀನು ಹೇಳೋದು ನಂಗೆ ಅರ್ಥ ಆಗಿದೆ ಅಮ್ಮಾ, ಆದರೂ..." ಎಂದು ಕನ್ನಡದಲ್ಲೇ ಶುರು ಮಾಡಿದರೆ ಗದರಬೇಡಿ. ಆ "ಆದರೂ" ಎಂಬ ಪದಕ್ಕಾಗಿಯೇ ಅಲ್ಲವೇ ನಾವು ಇಷ್ಟು ವರ್ಷ ಕನ್ನಡ ಕಲಿಸಿದ್ದು!

ಎಲ್ಲರಿಗೂ ಶುಭವಾಗಲಿ.